ಕಡಿಮಿ ರೊಕ್ಕದಾಗ ಗೇಮಿಂಗ್ ಪಿಸಿ: ಎಲ್ಲಿ ಹಾಕಬೇಕು, ಎಲ್ಲಿ ಉಳಸಬೇಕು

ವಿಜಯಪುರ, ಬಾಗಲಕೋಟಿ ಕಡೆ ಗೇಮಿಂಗ್ ಪಿಸಿ ಬೇಕ್ರಿ ಅಂತ ಅಂಗಡಿಗೆ ಹ್ವಾದ್ರ ಮೊದಲ ತೋರ್ಸೋದು ರೆಡಿ ಸೆಟ್. ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಲೈಟ್ ಹತ್ತೋ ಕ್ಯಾಬಿನೆಟ್, ಎಲ್ಲಾ ಸೇರಿ ಇಷ್ಟ ರೊಕ್ಕ ಅಂತಾರ, ಕೇಳಿದವ್ರಿಗೆ ಇಷ್ಟು ಸೋವಿ ಮತ್ತೆಲ್ಲಿ ಸಿಗ್ತೈತಿ ಅನ್ನಿಸ್ತೈತಿ. ರೊಕ್ಕ ಕೊಡೋಕಿಂತ ಮೊದಲ ಆ ಐ7 ಎಷ್ಟನೇ ಜನರೇಶನ್ ಅಂತ ಕೇಳ್ರಿ. ಭಾಳ ಸಲ ಅದು ಐ7-2600 ಇಲ್ಲಾ 3770 ಇರ್ತೈತಿ, ಆಫೀಸ್‌ನ್ಯಾಗ ವರ್ಷಾನುಗಟ್ಟಲೆ ದುಡದು ಹೊರಗ ಬಂದದ್ದು. 2600 ಬಂದದ್ದು 2011ರಾಗ. 2022ರಾಗ ಬಂದ ಐ3-12100ಎಫ್‌ಗೂ ಅಷ್ಟ ಕೋರ್ (ಒಳಗ ಕೆಲಸ ಮಾಡೋ ಘಟಕ), 4 ಕೋರ್ 8 ಥ್ರೆಡ್ (ಒಮ್ಮೆಲೆ ನಡಿಯೋ ಕೆಲಸದ ಸಾಲು), ಆದ್ರ ಗೇಮ್‌ದಾಗ ಆ ಹಳೇ ಐ7ನ್ನ ಎಲ್ಲೋ ಹಿಂದ ಬಿಡ್ತೈತಿ. ಜೋಡಿ ಕೊಡೋ 4 ಜಿಬಿ ಕಾರ್ಡ್ ಜಿಟಿ 730 ಇದ್ರ ಅದು 2014ರ ಸಣ್ಣ ಚಿಪ್, ಮೆಮೊರಿ ನಾಲ್ಕಲ್ಲ ಎಂಟು ಹಾಕಿದ್ರೂ ಓಡೂದು ಅಷ್ಟ. ಇನ್ನೊಂದು, ವಿಂಡೋಸ್ 10ಕ್ಕ ಸಪೋರ್ಟ್ 2025ರ ಅಕ್ಟೋಬರ್ 14ಕ್ಕ ಮುಗದೈತಿ, ವಿಂಡೋಸ್ 11 ಇಂಟೆಲ್‌ದಾಗ 8ನೇ ಜನರೇಶನ್‌ಕಿಂತ ಹಳೇದಕ್ಕ ಅಧಿಕೃತವಾಗಿ ಇಲ್ಲ, ವ್ಯಾಲೊರಂಟ್ ಗೇಮ್ ಅಂತೂ ವಿಂಡೋಸ್ 11ರಾಗ ಟಿಪಿಎಂ 2.0 ಮತ್ತ ಸೆಕ್ಯೂರ್ ಬೂಟ್ ಅನ್ನೋ ಸೆಕ್ಯೂರಿಟಿ ಸೌಲಭ್ಯ ಎರಡೂ ಕೇಳ್ತೈತಿ. ಹಂಗಾಗಿ ಆ ಸೆಟ್ ಕಡೆ ಹೊಳ್ಳಿ ನೋಡಬ್ಯಾಡ್ರಿ.

ಈಗ ನಿಮ್ಮದ ಲೆಕ್ಕ ಹಾಕೋಣ. ಯಾವ ಗೇಮ್ ಆಡಾವ್ರು, ಯಾವ ಮಾನಿಟರ್ ಮ್ಯಾಲ ಆಡಾವ್ರು, ಇವೆರಡು ಗೊತ್ತಿದ್ರ ಉಳಿದದ್ದೆಲ್ಲಾ ಹಿಂದ ಬರ್ತೈತಿ. ನಮ್ಮಂಥವ್ರ ಬಜೆಟ್‌ಗೆ 24 ಇಂಚು, 1080ಪಿ (1920×1080 ಪಿಕ್ಸೆಲ್), ಐಪಿಎಸ್ (ಒಂದು ನಮೂನಿ ಪರದೆ), 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಾಗೋದು) ಅಥವಾ ಅದಕ್ಕ ಹತ್ರದ್ದು ಸಾಕು. 4ಕೆ ಮಾನಿಟರ್ ಅಂದ್ರ 1080ಪಿಗಿಂತ ನಾಲ್ಕು ಪಟ್ಟು ಪಿಕ್ಸೆಲ್, ಅದನ್ನ ಎಳಿಯೋ ಕಾರ್ಡ್‌ಗೆ ನಮ್ಮ ಪೂರಾ ಬಜೆಟ್ ಸಾಲಂಗಿಲ್ಲ. ಬಿಜಿಎಂಐ ಸಲುವಾಗಿನ ಪಿಸಿ ತಗೊಳ್ಳಾಕ ಹೊಂಟಿದ್ರ ಬ್ಯಾಡ್ರಿ, ಅದು ಮೊಬೈಲ್ ಗೇಮ್, ಮೊಬೈಲ್ ಗೇಮ್‌ನ ಪಿಸಿ ಮ್ಯಾಲ ಓಡ್ಸೋ ಎಮ್ಯುಲೇಟರ್ ಸಾಫ್ಟ್‌ವೇರ್ ನಂಬಿ ಇಷ್ಟು ರೊಕ್ಕ ಹಾಕಬಾರದು.

ಮಾನಿಟರ್ ಬಿಟ್ಟು ಉಳಿದ ರೊಕ್ಕದಾಗ ಗ್ರಾಫಿಕ್ಸ್ ಕಾರ್ಡ್‌ಗೆ ಹೆಚ್ಚೂಕಡಿಮಿ 40 ಪರ್ಸೆಂಟ್ ಇಡ್ರಿ. ಗೇಮ್ ಓಡ್ಸೋದು ಅದ. ಆರ್‌ಎಕ್ಸ್ 6600 8 ಜಿಬಿ ಇನ್ನೂ 1080ಪಿಗೆ ಅಗದಿ ಚಲೋ ಕಾರ್ಡ್, 132 ವ್ಯಾಟ್ ತಿಂತೈತಿ. ಸಲ್ಪ ಮ್ಯಾಲ ಹ್ವಾದ್ರ ಆರ್‌ಟಿಎಕ್ಸ್ 4060, ಅದು 115 ವ್ಯಾಟ್. ಇಂಟೆಲ್‌ನ ಆರ್ಕ್ ಬಿ580ಗೆ 12 ಜಿಬಿ ಮೆಮೊರಿ ಐತಿ, ಆದ್ರ ನಿಮ್ಮ ಮದರ್‌ಬೋರ್ಡ್‌ದಾಗ ರೀಸೈಜಬಲ್ ಬಾರ್ (ಕಾರ್ಡ್‌ನ ಪೂರಾ ಮೆಮೊರಿ ಪ್ರೊಸೆಸರ್‌ಗೆ ಒಮ್ಮೆಲೆ ಸಿಗೋ ಸೆಟ್ಟಿಂಗ್) ಆನ್ ಆಗಲಿಲ್ಲಂದ್ರ ಅದರ ಪೂರಾ ತಾಕತ್ತು ಸಿಗಂಗಿಲ್ಲ, ಹಳೇ ಮಷೀನ್‌ಗೆ ಅದನ್ನ ಹಾಕಬ್ಯಾಡ್ರಿ. ಆರ್‌ಟಿಎಕ್ಸ್ 3050 ಕೇಳಿದ್ರ ಡಬ್ಬಿ ಮ್ಯಾಲ 8 ಜಿಬಿ ಐತೋ 6 ಜಿಬಿ ಐತೋ ನೋಡ್ರಿ. 6 ಜಿಬಿದು 2024ರಾಗ ಬಂದದ್ದು, ಬರೇ ಮೆಮೊರಿ ಕಡಿಮಿ ಅಲ್ಲ, ಒಳಗಿನ ಕೋರ್‌ಗಳೂ ಕಡಿಮಿ ಅದಾವ, ಹೆಸರು ಮಾತ್ರ ಅದ. ಆರ್‌ಎಕ್ಸ್ 6500 ಎಕ್ಸ್‌ಟಿ ಅಂತೂ ಡೇಟಾ ಹಾಯೋ ನಾಲ್ಕ ಲೇನ್ ಮ್ಯಾಲ ನಡಿಯೋ ಕಾರ್ಡ್, ಕಾರ್ಡ್ ಚುಚ್ಚೋ ಸ್ಲಾಟ್ ಹಳೇ ಪಿಸಿಐಇ 3.0 ಇದ್ದ ಬೋರ್ಡ್‌ಗೆ ಹಾಕಿದ್ರ ಇನ್ನೂ ಸೊರಗ್ತೈತಿ.

ಸೆಕೆಂಡ್ ಹ್ಯಾಂಡ್ ಕಾರ್ಡ್ ಬ್ಯಾಡ ಅನ್ನೋನಲ್ಲ ನಾನು, ನೋಡಿ ತಗೋರಿ ಅಂತೀನಿ. 2022ರ ಸೆಪ್ಟೆಂಬರ್‌ದಾಗ ಗ್ರಾಫಿಕ್ಸ್ ಕಾರ್ಡ್ ಓಡಿಸಿ ಇಥೀರಿಯಂ ಅನ್ನೋ ಡಿಜಿಟಲ್ ನಾಣ್ಯ ಗಳಿಸೋ ಮೈನಿಂಗ್ ನಿಂತ ಮ್ಯಾಲ ಮೈನಿಂಗ್ ಮಾಡಿದ ಕಾರ್ಡ್ ರಾಶಿ ರಾಶಿ ಮಾರ್ಕೆಟ್‌ಗೆ ಬಂದ್ವು, ಆರ್‌ಎಕ್ಸ್ 580 ಕೂಡ ಅದರಾಗ ಇದ್ವು. ಮಾರಾವ್ರ ಮನ್ಯಾಗ ಅವ್ರ ಮಷೀನ್‌ಗೇನ ಹಾಕ್ಸಿ ಅರ್ಧ ತಾಸು ಗೇಮ್ ಓಡ್ಸಿ ನೋಡ್ರಿ, ಫ್ಯಾನ್ ಎಲ್ಲಾ ತಿರುಗ್ತಾವೇನು, ಸ್ಕ್ರೀನ್ ಮ್ಯಾಲ ಚುಕ್ಕಿ ಗೆರಿ ಬರ್ತಾವೇನು ಗಮನಿಸ್ರಿ. ಜಿಪಿಯು-ಝಡ್ ಅನ್ನೋ ಸಣ್ಣ ಸಾಫ್ಟ್‌ವೇರ್ ಪೆನ್ ಡ್ರೈವ್‌ದಾಗ ಒಯ್ರಿ, ಹಳೇ ಚಿಪ್ ಮ್ಯಾಲ ಹೊಸ ಹೆಸರು ಹಾಕಿದ ನಕಲಿ ಕಾರ್ಡನ್ನ ಅದು ಭಾಳ ಸಲ ಹಿಡದು ತೋರಸ್ತೈತಿ. ಜಿಟಿಎಕ್ಸ್ 1050 ಟಿಐ, 1060 ಈಗ ಬ್ಯಾಡ್ರಿ, ಆ 10 ಸೀರೀಸ್‌ಗೆ ಹೊಸ ಗೇಮ್‌ಗಳ ಡ್ರೈವರ್ ಬರೂದು 2025ರ ಅಕ್ಟೋಬರ್‌ಗೆ ನಿಂತೈತಿ.

ಪ್ರೊಸೆಸರ್‌ಗೆ ಭಾಳ ತಲಿ ಕೆಡಿಸ್ಕೋಬ್ಯಾಡ್ರಿ. ಎಎಂಡಿಯ ರೈಜನ್ 5 5600 ಇಲ್ಲಾ ಇಂಟೆಲ್‌ನ ಐ5-12400ಎಫ್, ಎರಡೂ 6 ಕೋರ್ 12 ಥ್ರೆಡ್, ಯಾವುದು ಸೋವಿ ಸಿಗ್ತೈತಿ ಅದು, ಕೈ ಇನ್ನೂ ಬಿಗಿ ಇದ್ರ ಐ3-12100ಎಫ್. ಡಬ್ಬಿಯೊಳಗಿನ ಕೂಲರ್ ಸಾಕು, ಲಿಕ್ವಿಡ್ ಕೂಲರ್ ಅನ್ನೋ ಮಾತ ಬ್ಯಾಡ. ಎಫ್ ಅಂತ ಇದ್ದ ಇಂಟೆಲ್‌ದಾಗ ಒಳಗ ಡಿಸ್ಪ್ಲೇ ಇರಂಗಿಲ್ಲ, ಕಾರ್ಡ್ ಇಲ್ಲಂದ್ರ ಸ್ಕ್ರೀನ್ ಹತ್ತಂಗಿಲ್ಲ, 5600ದೂ ಹಂಗ. ಕಾರ್ಡ್‌ಗೆ ಈಗ ರೊಕ್ಕ ಇಲ್ಲ, ಆರು ತಿಂಗಳ ಬಿಟ್ಟು ಹಾಕ್ತೀನಿ ಅನ್ನೋರಿದ್ರ ರೈಜನ್ 5 5600ಜಿ ತಗೋರಿ, ಅದರಾಗಿನ ಗ್ರಾಫಿಕ್ಸ್ ಮ್ಯಾಲ ವ್ಯಾಲೊರಂಟ್, ಜಿಟಿಎ 5 ಲೋ ಸೆಟ್ಟಿಂಗ್‌ದಾಗ ನಡೀತಾವ, ಆಮ್ಯಾಲ ಕಾರ್ಡ್ ಹಾಕೋಬಹುದು. ಎಎಂಡಿಯ ಹೊಸ ಎಎಂ5 ಬೋರ್ಡ್ ಹೊಸ ನಮೂನಿಯ ಡಿಡಿಆರ್5 ರ‍್ಯಾಮ್ ಮಾತ್ರ ತಗೋತೈತಿ, 2025ರ ಕೊನಿಯಿಂದ ಎಐ ಡೇಟಾ ಸೆಂಟರ್‌ಗಳ ಸಲುವಾಗಿ ರ‍್ಯಾಮ್ ರೇಟ್ ಆಕಾಶಕ್ಕ ಏರೈತಿ, ಡಿಡಿಆರ್4ಕ್ಕೂ ಅದರ ಬಿಸಿ ತಟ್ಟೈತಿ, ಹಂಗಾಗಿ ಮೊದಲ ರ‍್ಯಾಮ್ ರೇಟ್ ಕೇಳಿ ಆಮ್ಯಾಲ ಯಾವ ಬೋರ್ಡ್ ಅಂತ ತೀರ್ಮಾನ ಮಾಡ್ರಿ. ಮನ್ಯಾಗ ಹಳೇ ಡಿಡಿಆರ್4 ರ‍್ಯಾಮ್ ಇದ್ರ ಅದನ್ನ ಒಗಿಬ್ಯಾಡ್ರಿ, ಈಗ ಅದು ರೊಕ್ಕ.

ಮದರ್‌ಬೋರ್ಡ್‌ದಾಗ ಉಳಸ್ರಿ. ಇಂಟೆಲ್‌ಗೆ ಎಚ್610, ಎಎಂಡಿಗೆ ಬಿ450 ಇಲ್ಲಾ ಬಿ550, ಎಂ.2 ಸ್ಲಾಟ್ (ಎಸ್‌ಎಸ್‌ಡಿ ಸ್ಟೋರೇಜ್ ಚುಚ್ಚೋ ಜಾಗ) ಐತಿಲ್ಲ ನೋಡಿದ್ರ ಮುಗೀತು. ರ‍್ಯಾಮ್ 16 ಜಿಬಿ, ಒಂದ 16ರ ಬದಲಿ 8ರ ಎರಡು ಹಾಕ್ರಿ, ಡ್ಯುಯಲ್ ಚಾನೆಲ್ ಆಗ್ತೈತಿ, ಅಂದ್ರ ಎರಡೂ ಕೂಡಿ ಓಡ್ತಾವ. 5600ಜಿ ಹಾಕಾವ್ರು ಇದನ್ನ ಬಿಡಾಕ ಬರಂಗಿಲ್ಲ, ಅದರ ಗ್ರಾಫಿಕ್ಸ್ ರ‍್ಯಾಮ್ ಮ್ಯಾಲೇನ ಬದಕೋದು. ಸ್ಟೋರೇಜ್ 500 ಜಿಬಿ ಎನ್‌ವಿಎಂಇ (ಜೋರ ಓಡೋ ಎಸ್‌ಎಸ್‌ಡಿ), ರೊಕ್ಕ ಹೊಂದಿದ್ರ 1 ಟಿಬಿ. ಎಂ.2 ಅಂದಕೂಡ್ಲೆ ಎನ್‌ವಿಎಂಇ ಅಂತಲ್ಲ, ಸಾಟಾ ಎಂ.2 ಕೂಡ ಅದಾವ, ಅವು ಸೆಕೆಂಡಿಗೆ 550 ಎಂಬಿ ಸುತ್ತ ನಿಲ್ತಾವ, ಬಿಲ್ ಮ್ಯಾಲ ಎನ್‌ವಿಎಂಇ ಅಂತ ಬರಸ್ಕೋರಿ.

ಈಗ ಎಸ್‌ಎಂಪಿಎಸ್, ಅಂದ್ರ ಮಷೀನ್‌ಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ. ಇದರ ಬಗ್ಗೆ ನಾನು ಎಷ್ಟು ಹೇಳಿದ್ರೂ ಕಡಿಮಿ, ಯಾಕಂದ್ರ ನಮ್ಮ ಕಡೆ ಜನ ಕಟ್ ಮಾಡೋದ ಇಲ್ಲಿ. ನಲವತ್ತು ಸಾವಿರದ ಮಷೀನ್‌ಗೆ ಎಂಟುನೂರು ರೂಪಾಯಿ ಎಸ್‌ಎಂಪಿಎಸ್ ಹಾಕ್ತಾರ, ಕ್ಯಾಬಿನೆಟ್ ಜೋಡಿ ಪುಕ್ಕಟ ಬಂತು ಅಂತ ಖುಷಿ ಪಡ್ತಾರ. ಅದರ ಮಗ್ಗಲಿಗೆ ಅಂಟಿಸಿದ ಚೀಟಿ ಓದ್ರಿ. ದೊಡ್ಡ ಅಕ್ಷರದಾಗ 450 ವ್ಯಾಟ್ ಅಂತ ಇರ್ತೈತಿ, ಅದರ ಕೆಳಗ ಸಣ್ಣ ಟೇಬಲ್ ಇರ್ತೈತಿ, ಅದರಾಗ 12 ವೋಲ್ಟ್ ಅನ್ನೋ ಕಾಲಂ ಹುಡುಕ್ರಿ. ಅಲ್ಲಿ 16 ಆಂಪ್ ಅಂತ ಇದ್ರ 12ನ್ನ 16ರಿಂದ ಗುಣಸ್ರಿ, 192 ವ್ಯಾಟ್. ಪ್ರೊಸೆಸರ್ ಮತ್ತ ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣೋದು ಆ 12 ವೋಲ್ಟ್‌ದಾಗಿಂದ, ಅಂದ್ರ ನಿಮಗ ಖರೇ ಸಿಗೋದು 192, ಉಳಿದದ್ದು ಚೀಟಿ ಮ್ಯಾಲಿನ ಲೆಕ್ಕ. ಚಲೋ ಕಂಪನಿ 550 ವ್ಯಾಟ್‌ದಾಗ ಅದ ಕಾಲಂ 45 ಆಂಪ್ ಆಸುಪಾಸು ಇರ್ತೈತಿ, 540 ವ್ಯಾಟ್ ಆತು. ಆರ್‌ಎಕ್ಸ್ 6600ಕ್ಕ 132, ಪ್ರೊಸೆಸರ್‌ಗೆ 80-90, ಬೋರ್ಡ್ ಫ್ಯಾನ್ ಎಲ್ಲಾ ಸೇರಿ 50 ಹಿಡದ್ರೂ 280ರ ಒಳಗ, ಹಂಗಾಗಿ 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮಿ ಪೋಲು ಮಾಡೋ ದರ್ಜೆ) ಇದ್ದ 550 ವ್ಯಾಟ್‌ದು ಸಾಕು, 750 ಬೇಕಿಲ್ಲ. ಕಾರ್ಡ್‌ದಾಗ ಎರಡು ಸಾವಿರ ಕಡಿಮಿ ಮಾಡ್ರಿ, ಲೈಟ್ ಇಲ್ಲದ ಕ್ಯಾಬಿನೆಟ್ ತಗೋರಿ, ಆದ್ರ ಇದನ್ನ ಮಾತ್ರ ಕೈ ಬಿಡಬ್ಯಾಡ್ರಿ, ಇದು ಸುಡಬೇಕಾದ್ರ ತಾನೊಂದ ಸುಡಂಗಿಲ್ಲ, ಬೋರ್ಡು ಕಾರ್ಡು ಎಲ್ಲಾ ಜೋಡಿ ಒಯ್ತೈತಿ.

ಇದರ ಜೋಡಿ ಅರ್ಥಿಂಗ್ ನೋಡ್ರಿ. ಬರಿಗಾಲಿಲೆ ನಿಂತು ಕ್ಯಾಬಿನೆಟ್ ಮುಟ್ಟಿದ್ರ ಕೈ ಜುಂ ಅಂತೈತಿ ಅಂದ್ರ ಭಾಳ ಸಲ ಮಷೀನ್ ಕೆಟ್ಟದ್ದಲ್ಲ, ನಿಮ್ಮ ಪ್ಲಗ್‌ಗೆ ಅರ್ಥಿಂಗ್ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್ ಮತ್ತ ನ್ಯೂಟ್ರಲ್ ಎರಡರಿಂದ ಕ್ಯಾಬಿನೆಟ್‌ನ ಲೋಹದ ಬಾಡಿ ಜೋಡಿ ಕೂಡಿರ್ತಾವ, ಅರ್ಥ್ ಇಲ್ಲದಿದ್ರ ಬಾಡಿ ಮ್ಯಾಲ ಸುಮಾರು ಅರ್ಧ ವೋಲ್ಟೇಜ್ ಕುಂತಿರ್ತೈತಿ. ಇಲೆಕ್ಟ್ರಿಶಿಯನ್‌ನ ಕರಿಸಿ ಮೀಟರ್ ಹಚ್ಚಸ್ರಿ, ಫೇಸ್-ನ್ಯೂಟ್ರಲ್ ಎಷ್ಟು ತೋರಸ್ತೈತಿ ಫೇಸ್-ಅರ್ಥ್‌ಗೂ ಹೆಚ್ಚೂಕಡಿಮಿ ಅಷ್ಟ ತೋರಸ್ಬೇಕು. ಹಳೇ ಓಣಿ ಮನಿಗಳಾಗ, ಬಾಡಿಗಿ ರೂಮ್‌ನ್ಯಾಗ ಮೂರು ತೂತಿನ ಪ್ಲಗ್ ಇದ್ರೂ ಮ್ಯಾಲಿನ ತೂತಿಗೆ ವೈರ್‌ನ ಇರಂಗಿಲ್ಲ. ಯುಪಿಎಸ್ ಬೇಕು, ಆದ್ರ 600 ವಿಎ ಅಂದ್ರ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360. ಗೇಮ್ ನಡದಾಗ ಕರೆಂಟ್ ಹೋದ್ರ ತಡಿಯೂದು ಕಷ್ಟ, 1000 ವಿಎ ಹಾಕ್ರಿ. ಮನ್ಯಾಗ ಇನ್ವರ್ಟರ್ ಮೊದಲ ಇದ್ರ ಹಿಂದ ಯುಪಿಎಸ್ ಮೋಡ್ ಅಂತ ಸ್ವಿಚ್ ಐತೇನು ನೋಡ್ರಿ, ಅದನ್ನ ಹಾಕಿದ್ರ ಕರೆಂಟ್ ಹೋದಾಗ ಲಗೂನ ಬದಲಾಗ್ತೈತಿ, ಪಿಸಿ ರಿಸ್ಟಾರ್ಟ್ ಆಗೂದು ತಪ್ಪಬಹುದು.

ಕ್ಯಾಬಿನೆಟ್‌ಗೆ ಮುಂದ ಗಾಜು ಬ್ಯಾಡ, ಜಾಳಗಿ ಇರ್ಲಿ. ಏಪ್ರಿಲ್ ಮೇದಾಗ ವಿಜಯಪುರದ ಬಿಸಲು 40 ದಾಟ್ತೈತಿ, ರೂಮ್‌ನ್ಯಾಗಿನ ಗಾಳಿನ ಕಾದಿರ್ತೈತಿ, ಮುಂದ ಗಾಜು ಮುಚ್ಚಿದ್ರ ಒಳಗ ಬರೋ ಗಾಳಿನ ಇಲ್ಲ. ಮುಂದ ಎರಡು ಫ್ಯಾನ್ ಒಳಗ ಊದ್ಲಿ, ಹಿಂದ ಒಂದು ಹೊರಗ ಒಗೀಲಿ. ಎರಿ ಮಣ್ಣಿನ ಧೂಳ ಭಾಳ ಸಣ್ಣದು, ಫಿಲ್ಟರ್ ತಗದು ತೊಳಿಯಂಗ ಇರ್ಬೇಕು. ತಿಂಗಳಿಗೊಮ್ಮೆ ಹೊರಗ ಕಟ್ಟಿ ಮ್ಯಾಲ ಇಟ್ಟು ಬ್ಲೋವರ್ ಹೊಡೀರಿ, ಹೊಡಿಯೂ ಮುಂದ ಫ್ಯಾನ್ ರೆಕ್ಕಿ ಬೆರಳಿಲೆ ಹಿಡ್ಕೋರಿ, ಇಲ್ಲಾಂದ್ರ ಜೋರ ತಿರುಗಿ ಕೆಡ್ತಾವ. ಬೆಳಗಾವಿಯವ್ರಿಗೆ ಧೂಳಕಿಂತ ಮಳಿಗಾಲದ ತೇವ ತ್ರಾಸ, ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ, ಆಡಲಿಲ್ಲಂದ್ರೂ ವಾರದಾಗ ಎರಡು ಮೂರು ಸಲ ಚಾಲೂ ಮಾಡ್ರಿ.

ಎಲ್ಲಿ ತಗೊಳ್ಳೋದು? ಬೆಂಗಳೂರಿನ ಎಸ್‌ಪಿ ರೋಡ್, ಮುಂಬೈ ಲ್ಯಾಮಿಂಗ್ಟನ್ ರೋಡ್ ರೇಟ್ ಕಡಿಮಿ ಇರ್ತೈತಿ ಖರೇ, ಹೋಗಿ ಬರೋ ಖರ್ಚು ಹಿಡೀರಿ. ಆನ್‌ಲೈನ್ ರೇಟ್ ಮೊಬೈಲ್‌ದಾಗ ತಗೊಂಡು ಊರಿನ ಅಂಗಡಿಗೆ ಹೋಗಿ ಅಣ್ಣಾರ ಇಷ್ಟಕ್ಕ ಸಿಗಾಕತ್ತೈತಿ, ನೀವೆಷ್ಟಕ್ಕ ಕೊಡ್ತೀರಿ ಅಂತ ನೇರ ಕೇಳ್ರಿ, ಐದುನೂರು ಸಾವಿರ ಹೆಚ್ಚಾದ್ರೂ ಊರಾಗ ತಗೊಂಡ್ರ ಕೆಟ್ಟಾಗ ಎದುರಿಗೆ ಒಬ್ಬ ಮನಶ್ಯಾ ಇರ್ತಾನ. ಬಿಲ್ ಬ್ಯಾಡಂದ್ರ 18 ಪರ್ಸೆಂಟ್ ಜಿಎಸ್‌ಟಿ ಉಳಿತೈತಿ ಅಂತಾರ, ಒಪ್ಪಬ್ಯಾಡ್ರಿ, ವಾರಂಟಿ ಕೇಳಾಕ ಹೋದಾಗ ಮೊದಲ ಕೇಳೋದು ಅದನ್ನ. ಒಂದೊಂದು ಪಾರ್ಟ್‌ನ ಸೀರಿಯಲ್ ನಂಬರ್ ಬಿಲ್ ಮ್ಯಾಲ ಬರಸ್ರಿ. ಆನ್‌ಲೈನ್ ತರಿಸಿದ್ರ ಡಬ್ಬಿ ಒಡಿಯೂದನ್ನ ಪೂರಾ ವಿಡಿಯೋ ಮಾಡ್ರಿ.

ಜೋಡಿಸಿದ ಮ್ಯಾಲ ಮಾನಿಟರ್ ವೈರ್ ಬೋರ್ಡ್‌ಗೆ ಅಲ್ಲ, ಗ್ರಾಫಿಕ್ಸ್ ಕಾರ್ಡ್‌ಗೆ ಚುಚ್ಚ್ರಿ. ನಾಲ್ಕು ರ‍್ಯಾಮ್ ಸ್ಲಾಟ್ ಇದ್ರ ಪ್ರೊಸೆಸರ್ ಕಡಿಂದ ಎಣಿಸಿ ಸಾಮಾನ್ಯವಾಗಿ ಎರಡನೇದು ನಾಲ್ಕನೇದು. ಬಯೋಸ್‌ಗೆ (ಬೋರ್ಡ್‌ನ ಸೆಟ್ಟಿಂಗ್ ಪುಟ) ಹೋಗಿ ಮೆಮೊರಿಯನ್ನ ಬರದ ಸ್ಪೀಡ್‌ಗೆ ಓಡ್ಸೋ ಎಕ್ಸ್‌ಎಂಪಿ ಆನ್ ಮಾಡ್ರಿ, ಇಲ್ಲಾಂದ್ರ 3200ರ ರ‍್ಯಾಮ್ 2133ಕ್ಕೋ 2666ಕ್ಕೋ ಓಡ್ತಿರ್ತೈತಿ. ವಿಂಡೋಸ್‌ದಾಗ ಮಾನಿಟರ್ ಭಾಳ ಸಲ 60 ಹರ್ಟ್ಜ್ ಮ್ಯಾಲ ನಿಂತಿರ್ತೈತಿ, ಡಿಸ್ಪ್ಲೇ ಸೆಟ್ಟಿಂಗ್‌ದಾಗ 144 ಆರಿಸ್ರಿ. ಆಮ್ಯಾಲ ಮೊದಲ ವಾರದಾಗ ಒಮ್ಮೆ ಮಧ್ಯಾಹ್ನದ ಬಿಸಲಾಗ ಎರಡು ತಾಸು ಭಾರಿ ಗೇಮ್ ಓಡಿಸಿ ಟೆಂಪರೇಚರ್ ನೋಡ್ರಿ, ಕಾರ್ಡ್ 80 ಡಿಗ್ರಿ ಒಳಗ ಇದ್ರ ಚಿಂತಿಲ್ಲ, 90 ಮುಟ್ಟಿದ್ರ ಇಲ್ಲಾ ಮಷೀನ್ ತಾನ ಬಂದ್ ಆದ್ರ ಬದಲಿ ಕೊಡೋ ದಿನ ಮುಗಿಯೂದರಾಗ ಅಂಗಡಿಗೆ ಒಯ್ರಿ.