ಕಲೆ ಮುಚ್ಚೋಕೆ ಒಂದು ಚಿಟ್ಟೆ

ನಾನು ಮಾಡಿದ ಮೊದಲ ಶುಭಾಶಯದ ಕಾರ್ಡಿನ ಮೂಲೆಯಲ್ಲಿ ಒಂದು ನೀಲಿ ಚಿಟ್ಟೆ ಕೂತಿತ್ತು. ನೋಡಿದವರೆಲ್ಲ ಎಷ್ಟು ಚೆನ್ನಾಗಿ ಜಾಗ ಹುಡುಕಿ ಕೂರಿಸಿದ್ದೀಯ ಅಂದರು. ನಾನು ಸುಮ್ನೆ ನಕ್ಕೆ. ಚಿಟ್ಟೆಯ ಅಡಿಯಲ್ಲಿ ನನ್ನ ಹೆಬ್ಬೆಟ್ಟಿನ ಕಪ್ಪು ಗುರುತಿತ್ತು.

ಆಗ ನನ್ನ ಹತ್ತಿರ ಇದ್ದದ್ದು ಇಂಕು ಹಚ್ಚಿ ಒತ್ತುವ ಒಂದು ಹೂವಿನ ಸ್ಟಾಂಪು, ಒಂದು ಕಪ್ಪು ಇಂಕ್ ಪ್ಯಾಡು, ಕಾಗದವನ್ನು ಚಿಟ್ಟೆಯ ಆಕಾರಕ್ಕೆ ಕತ್ತರಿಸುವ ಒಂದು ಪಂಚು. ಈಗ ಡಬ್ಬ ತುಂಬಾ ಇವೆ. ಆದರೂ ಜಾಸ್ತಿ ಕೈಗೆ ಬರುವುದು ಆ ಮೂರೇ.

ಕಾರ್ಡಿಗೆ 250 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 250 ಗ್ರಾಂ ತೂಗುವ ದಪ್ಪ ಕಾಗದ ಬಳಸುತ್ತೇನೆ. ಎ4 ಹಾಳೆಯನ್ನು ಅರ್ಧ ಮಾಡಿ, ಒಂದೊಂದು ಅರ್ಧವನ್ನೂ ಮಡಚಿದರೆ ಎರಡು ಕಾರ್ಡು. ಸಿ6 ಅಳತೆಯ ಲಕೋಟೆಯಲ್ಲಿ ಸರಿಯಾಗಿ ಕೂರುತ್ತವೆ. ಮೊದಮೊದಲು ಕೈಯಲ್ಲೇ ಮಡಚುತ್ತಿದ್ದೆ, ಮಡಿಕೆಯುದ್ದಕ್ಕೂ ಕಾಗದ ಬಿರಿಯುತ್ತಿತ್ತು. ಈಗ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒಂದು ಗೀರು ಎಳೆದು ಆಮೇಲೆ ಮಡಚುತ್ತೇನೆ. ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಮೆಲ್ಲಗೆ ಬಾಗಿಸಿ ನೋಡಿ, ಒಂದು ಕಡೆಗೆ ಸಲೀಸಾಗಿ ಬಾಗುತ್ತದೆ. ಹಾಗೇ ಮಡಚಿದರೆ ಅಂಚು ನೀಟಾಗಿ ಬರುತ್ತದೆ.

ಸ್ಟಾಂಪು ಹಾಕುವುದು ಎಷ್ಟು ಸುಲಭ ಅಂತ ಕಾಣುತ್ತೆ, ಅಲ್ವಾ? ನನಗೆ ಅದರಲ್ಲೇ ಹೆಚ್ಚು ಕಾಗದ ಹಾಳಾಗಿದ್ದು. ಹೊಸ ಪಾರದರ್ಶಕ ಸ್ಟಾಂಪಿನ ಮೇಲೆ ಇಂಕು ಸಣ್ಣ ಸಣ್ಣ ಹನಿಯಾಗಿ ನಿಲ್ಲುತ್ತಿತ್ತು, ಹೂವು ಚುಕ್ಕಿ ಚುಕ್ಕಿಯಾಗಿ ಮೂಡುತ್ತಿತ್ತು. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಒರೆಸಿದ ಮೇಲೆ ಸರಿಹೋಯಿತು. ಸ್ಟಾಂಪನ್ನು ಪ್ಯಾಡಿಗೆ ಒತ್ತುವುದನ್ನೂ ಬಿಟ್ಟೆ. ಸ್ಟಾಂಪನ್ನು ಮೇಲ್ಮುಖವಾಗಿ ಹಿಡಿದು, ಪ್ಯಾಡನ್ನೇ ಅದರ ಮೇಲೆ ಟಪಟಪ ಅಂತ ತಟ್ಟುತ್ತೇನೆ. ಎಲ್ಲೆಲ್ಲಿ ಇಂಕು ಹತ್ತಿಲ್ಲ ಅಂತ ಕಣ್ಣಿಗೇ ಕಾಣುತ್ತದೆ. ಒತ್ತುವಾಗ ಅಲ್ಲಾಡಿಸಬಾರದು. ಚೆನ್ನಾಗಿ ಮೂಡಲಿ ಅಂತ ಆ ಕಡೆ ಈ ಕಡೆ ತೂಗಿದರೆ ಸ್ಟಾಂಪಿನ ಅಂಚೂ ಮೂಡಿಬಿಡುತ್ತದೆ. ನೇರ ಇಟ್ಟು, ಒತ್ತಿ, ನೇರ ಎತ್ತಬೇಕು. ಕಾರ್ಡಿನ ಕೆಳಗೆ ಹಳೇ ಮೌಸ್ ಪ್ಯಾಡ್ ಇಟ್ಟರೆ ಒತ್ತಡ ಎಲ್ಲ ಕಡೆ ಒಂದೇ ಸಮ ಬೀಳುತ್ತದೆ.

ಇಂಕಿನಲ್ಲೂ ಎರಡು ಜಾತಿ. ಡೈ ಇಂಕು ಬೇಗ ಒಣಗುತ್ತದೆ, ಪಿಗ್ಮೆಂಟ್ ಇಂಕು ನಿಧಾನ. ಹೊಳಪಿನ ಕಾಗದದ ಮೇಲೆ ಪಿಗ್ಮೆಂಟ್ ಇಂಕು ಹಾಕಿ, ಒಣಗಿರಬಹುದು ಅಂತ ಮುಟ್ಟಿ ನೋಡಿದ್ದೇ ಆ ಹೆಬ್ಬೆಟ್ಟಿನ ಕಥೆ.

ಪಂಚಿಗೆ ಕಾರ್ಡಿನಷ್ಟು ದಪ್ಪ ಕಾಗದ ಬೇಡ. ನನ್ನ ಪಂಚಿಗೆ 120 ಜಿಎಸ್‌ಎಂ ಹಿಡಿಸುತ್ತದೆ. ಪಂಚನ್ನು ತಲೆಕೆಳಗೆ ಹಿಡಿದು ಕಾಗದ ತೂರಿಸಿದರೆ ಯಾವ ಭಾಗ ಕತ್ತರಿಸುತ್ತದೆ ಅಂತ ಮೊದಲೇ ಗೊತ್ತಾಗುತ್ತದೆ. ಅಂಚು ಹರಿದಂತೆ ಬರಲು ಶುರುವಾದರೆ, ಪಂಚು ಮತ್ತೆ ಹರಿತವಾಗಲಿ ಅಂತ ಅಲ್ಯೂಮಿನಿಯಂ ಫಾಯಿಲನ್ನು ನಾಲ್ಕು ಮಡಿಕೆ ಮಾಡಿ ಹತ್ತಾರು ಸಲ ಪಂಚ್ ಮಾಡುತ್ತೇನೆ. ಪಂಚು ಬಿಗಿಯಾಗಿ ಸಿಕ್ಕಿಕೊಂಡರೆ ಫಾಯಿಲಿನ ಬದಲು ಮೇಣದ ಕಾಗದ. ತೂತು ಬಿದ್ದ ಹಾಳೆಯನ್ನೂ ಎಸೆಯುವುದಿಲ್ಲ. ಅದರ ಹಿಂದೆ ಬೇರೆ ಬಣ್ಣದ ಕಾಗದ ಅಂಟಿಸಿದರೆ ಅದೇ ಇನ್ನೊಂದು ಕಾರ್ಡು. ನನಗಂತೂ ಕತ್ತರಿಸಿದ ಚಿಟ್ಟೆಗಿಂತ ಆ ತೂತಿನ ಚಿಟ್ಟೆಯೇ ಚೆಂದ.

ನೀರಿನ ಅಂಟು ತೆಳು ಕಾಗದವನ್ನು ಸುಕ್ಕಾಗಿಸುತ್ತದೆ, ಅದಕ್ಕೇ ಡಬಲ್ ಸೈಡ್ ಟೇಪು. ಚಿಟ್ಟೆಗೆ ಮೈಯ ಕೆಳಗೆ ಮಾತ್ರ ಒಂದು ಸಣ್ಣ ಎಳೆ ಹಾಕಿ, ರೆಕ್ಕೆಗಳನ್ನು ಬೆರಳಿನಿಂದ ಸ್ವಲ್ಪ ಮೇಲಕ್ಕೆತ್ತಿ ಬಿಡುತ್ತಿದ್ದೆ. ಈಗಲೋ ಆಗಲೋ ಹಾರುತ್ತೆ ಅನ್ನಿಸುತ್ತಿತ್ತು.

ಆ ಮೊದಲ ಕಾರ್ಡು ಹೋಗಿದ್ದು ಅಕ್ಕನ ಮನೆಗೆ. ಎಲ್ಲರೂ ಹೊಗಳಿದ ಮೇಲೆ ಅವಳ ಮಗಳು ಉಗುರಿನಿಂದ ರೆಕ್ಕೆ ಎತ್ತಿ ಇಣುಕಿದಳು. "ಚಿಕ್ಕಮ್ಮಾ, ಇದರ ಕೆಳಗೆ ಏನೋ ಕಪ್ಪಗಿದೆ!"

ಕಲೆ ಮುಚ್ಚುವ ಚಿಟ್ಟೆಗಳಿಗೆ ಈಗ ರೆಕ್ಕೆಗೂ ಟೇಪು ಹಾಕುತ್ತೇನೆ.