ಅಡಿಕೆ ಹಾಳೆಯಲ್ಲಿ ಹಾನ್ ದೊರೆಯ ಜೇಡ್ ಕವಚ

ಚೀನಾದ ಹೆಬೇ ಪ್ರಾಂತ್ಯದ ಮಾನ್‌ಚೆಂಗ್‌ನಲ್ಲಿ, ಬೆಟ್ಟ ಕೊರೆದು ಮಾಡಿದ ಗೋರಿಯೊಂದು 1968ರಲ್ಲಿ ಸಿಕ್ಕಿತು. ಅದು ಚೀನಾವನ್ನು ಹಾನ್ ರಾಜವಂಶ ಆಳುತ್ತಿದ್ದ ಕಾಲದ, ಝೋಂಗ್‌ಶಾನ್ ಸೀಮೆಯ ದೊರೆ ಲಿಯು ಶೆಂಗ್‌ನದು. ಕ್ರಿ.ಪೂ. 113ರಲ್ಲಿ ತೀರಿಕೊಂಡ ಇವನು ಚಕ್ರವರ್ತಿಯಲ್ಲ, ಚಕ್ರವರ್ತಿ ವೂನ ಮಲಸಹೋದರ. ಹೆಣಕ್ಕೆ ತೊಡಿಸಿದ್ದು ಜೇಡ್ ಎಂಬ ಹಸಿರು ಕಲ್ಲಿನ 2498 ಬಿಲ್ಲೆಗಳನ್ನು ಸುಮಾರು 1100 ಗ್ರಾಂ ಚಿನ್ನದ ತಂತಿಯಿಂದ ಹೊಲಿದ ಕವಚ, ಉದ್ದ 1.88 ಮೀಟರ್. ಜೇಡ್ ಇದ್ದರೆ ದೇಹ ಕೆಡದು ಎಂಬ ನಂಬಿಕೆ. ದೇಹ ಉಳಿಯಲಿಲ್ಲ, ಹೊಲಿಗೆ ಉಳಿಯಿತು.

ಶಾಲೆಯ ವಸ್ತುಪ್ರದರ್ಶನಕ್ಕೆ ಇದರ ಅರ್ಧ ಅಳತೆಯ ಮಾದರಿ ಮಾಡಲು ಮಲೆನಾಡಿನಲ್ಲಿ ಅಡಿಕೆ ಹಾಳೆಗಿಂತ ಒಳ್ಳೆಯ ಸಾಮಾನಿಲ್ಲ. ರಟ್ಟು ನಮ್ಮ ಥಂಡಿಗೆ ಮೆತ್ತಗಾಗಿ ತೂತು ಹರಿಯುತ್ತದೆ.

ಅಗಲವಾದ ಹತ್ತು-ಹನ್ನೆರಡು ಹಾಳೆ ಬೇಕು. ಬೇಸಿಗೆಯಲ್ಲಿ ಬಿದ್ದವನ್ನೇ ಆರಿಸಿ. ಮಳೆಗಾಲದವಕ್ಕೆ ಕಪ್ಪು ಚುಕ್ಕೆ, ಬೂಸು ಹಿಡಿದಿರುತ್ತದೆ, ಬಣ್ಣ ಹಚ್ಚಿದರೂ ಅದು ಮೇಲೆ ಬರುತ್ತದೆ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ತೊಳೆದು, ಹಲಗೆಗಳ ನಡುವೆ ಕಲ್ಲು ಹೇರಿ ಒಣಗಿಸಿ. ಭಾರ ಹೇರದೆ ಬಿಸಿಲಿಗಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ.

ಹುಲ್ಲು ತುಂಬಿದ 94 ಸೆಂ.ಮೀ. ಉದ್ದದ ಬಟ್ಟೆ ಬೊಂಬೆ ಮಾಡಿಕೊಳ್ಳಿ. ಕವಚಕ್ಕೆ ಹನ್ನೆರಡು ಭಾಗ: ಮುಖದ ಮುಚ್ಚಳ, ತಲೆಯ ಕವಚ, ಎದೆ, ಬೆನ್ನು, ಎರಡು ತೋಳು, ಎರಡು ಕೈಗವಸು, ಎರಡು ಕಾಲು, ಎರಡು ಪಾದರಕ್ಷೆ. ಪ್ರತಿಯೊಂದನ್ನೂ ಬೇರೆ ಬೇರೆ ಹೊಲಿದು ಕೊನೆಗೆ ಜೋಡಿಸಿ. ಹೆಣಕ್ಕೆ ತೊಡಿಸಬೇಕಾದದ್ದು ಇಡಿಯಾಗಿದ್ದರೆ ಹಾಕುವುದು ಹೇಗೆ? ಹಾಗಾಗಿ ಬಿಲ್ಲೆಗಳನ್ನು ಬೊಂಬೆಗೇ ಅಂಟಿಸುವವರ ಮಾದರಿ ನೋಡಲು ಚೆಂದವಾದರೂ ಸುಳ್ಳಾಗುತ್ತದೆ.

ಎದೆ, ಬೆನ್ನು, ಕಾಲಿಗೆ 4×3 ಸೆಂ.ಮೀ. ಬಿಲ್ಲೆ ಸಾಕು, ಸುಮಾರು 400 ಆಗುತ್ತವೆ. ಬೆರಳು, ಮೂಗಿನ ಬಳಿ ಚಿಕ್ಕವು. ಭುಜದ ತಿರುವಿಗೆ ತ್ರಿಕೋನ. ಹಸಿರು ಬಣ್ಣ ಎರಡು ಸಲ ಹಚ್ಚಿ, ಒಣಗಿದ ಮೇಲೆ ನಾಲ್ಕು ಮೂಲೆಗೂ ತೂತು ಮಾಡಿ. ಹಾಳೆ ನಾರಿನ ಉದ್ದಕ್ಕೇ ಸೀಳುವುದರಿಂದ ತೂತು ಅಂಚಿನಿಂದ 4 ಮಿ.ಮೀ. ಒಳಗಿರಲಿ. ದಬ್ಬಣವನ್ನು ಒತ್ತದೆ, ತಿರುಗಿಸುತ್ತ ಇಳಿಸಿ.

ನಾಲ್ಕು ಬಿಲ್ಲೆಗಳ ಮೂಲೆ ಕೂಡುವಲ್ಲಿ ತಂತಿಯನ್ನು ಅಡ್ಡಡ್ಡ ಪೋಣಿಸಿ ಒಳಗಡೆ ತಿರುಚಿ. ನಡುವೆ ಒಂದು ಮಿ.ಮೀ. ಸಂದು ಬಿಡಿ. ಬಿಗಿ ಎಳೆದರೆ ಮೊಣಕೈ ಬಾಗುವುದಿಲ್ಲ, ತೂತೂ ಹರಿಯುತ್ತದೆ. 0.4 ಮಿ.ಮೀ. ಹಿತ್ತಾಳೆ ತಂತಿ 30 ಮೀಟರ್ ಇಟ್ಟುಕೊಳ್ಳಿ. ಮೋಟಾರ್ ವೈಂಡಿಂಗ್ ಅಂಗಡಿಯ ತಾಮ್ರ ಸುಲಭಕ್ಕೆ ಸಿಗುತ್ತದೆ, ಆದರೆ ಬೇಡ. ಹಾನ್ ಕಾಲದಲ್ಲೇ ಮುಂದೆ ಚಕ್ರವರ್ತಿಗೆ ಚಿನ್ನ, ಸೀಮೆಯ ದೊರೆಗಳಿಗೆ ಬೆಳ್ಳಿ, ಅವರಿಗಿಂತ ಕೆಳಗಿನವರಿಗೆ ತಾಮ್ರದ ತಂತಿ ಎಂಬ ನಿಯಮ ಬಂತು. ಲಿಯು ಶೆಂಗ್‌ನ ಕಾಲಕ್ಕೆ ಅಷ್ಟು ಕಟ್ಟುನಿಟ್ಟು ಇರಲಿಲ್ಲ, ಅವನದು ಚಿನ್ನವೇ.

ಚಿಕ್ಕ ತರಗತಿಯ ಮಕ್ಕಳ ಕೈಗೆ ತಂತಿ ಚುಚ್ಚುತ್ತದೆ. ಅವರಿಗೆ ಕೆಂಪು ರೇಷ್ಮೆ ದಾರ ಕೊಡಿ, ಫಲಕದಲ್ಲಿ ಹೆಸರು ಬದಲಿಸಿ: ಗುವಾಂಗ್‌ಝೌನಲ್ಲಿ 1983ರಲ್ಲಿ ಸಿಕ್ಕ ದಕ್ಷಿಣ ಚೀನಾದ ನಾನ್‌ಯುವೆ ರಾಜ್ಯದ ದೊರೆ ಝಾವ್ ಮೋನ ಕವಚದ 2291 ಬಿಲ್ಲೆಗಳನ್ನು ರೇಷ್ಮೆ ದಾರದಿಂದಲೇ ಕೂಡಿಸಿದ್ದರು.