ಹಳೆಯ ಬಾಂಬರ್ ಬದಲಿಸುವುದು ಹೇಗೆ?

ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗುತ್ತದೆ ಅನ್ನುತ್ತಾರೆ. ಅಮೆರಿಕದ ವಾಯುಪಡೆಯಲ್ಲಿ ಇದು ಉಲ್ಟಾ. ಬಾಂಬು ಹಾಕುವ ವಿಮಾನ ಬಿ-52ರ ಜಾಗಕ್ಕೆಂದು ಹೊರಟ ಬಿ-70 ಎರಡೇ ವಿಮಾನಕ್ಕೆ ನಿಂತುಹೋಯಿತು. ಬಿ-1ಎಯನ್ನು 1977ರಲ್ಲಿ ಅಧ್ಯಕ್ಷ ಕಾರ್ಟರ್ ರದ್ದು ಮಾಡಿದರು. 1962ರಲ್ಲೇ ತಯಾರಿಕೆ ನಿಂತ ಬಿ-52 ಮಾತ್ರ ಇನ್ನೂ ಹಾರುತ್ತಿದೆ. ಹೀಗಾಗದಂತೆ ಬದಲಿಸಬೇಕೆಂದರೆ ಕ್ರಮ ಇಷ್ಟು.

ಮೊದಲು ರೆಕ್ಕೆ ನೋಡಿ, ವಯಸ್ಸು ಆಮೇಲೆ. ಬ್ರಿಟನ್ನಿನ ವೇಲಿಯಂಟ್ ಬಾಂಬರನ್ನು ಎತ್ತರದಲ್ಲಿ ಹಾರಲೆಂದು ಕಟ್ಟಿದ್ದು. ಸೋವಿಯತ್ ಕ್ಷಿಪಣಿಗಳ ಭಯಕ್ಕೆ ಅದನ್ನು ನೆಲಕ್ಕೆ ಹತ್ತಿರದಲ್ಲಿ ಹಾರಿಸತೊಡಗಿದರು. ಅಲ್ಲಿನ ಗಾಳಿಯ ಕುಲುಕಾಟಕ್ಕೆ ರೆಕ್ಕೆಯೊಳಗಿನ ಸ್ಪಾರ್ ಎಂಬ ತೊಲೆ ಬಿರುಕು ಬಿಟ್ಟು, ಹತ್ತೇ ವರ್ಷದ ಸೇವೆಗೆ, 1965ರಲ್ಲಿ ಇಡೀ ಪಡೆ ಮೂಲೆ ಸೇರಿತು.

ತೊಲೆ ಗಟ್ಟಿಯಿದ್ದು ಎಂಜಿನ್ ಮಾತ್ರ ಸೊರಗಿದ್ದರೆ ಎಂಜಿನ್ ಬದಲಿಸಿ. ಬಿ-52ಕ್ಕೆ ಎಂಟು ರೋಲ್ಸ್ ರಾಯ್ಸ್ ಎಫ್130 ಕೂರಿಸುವ ಯೋಜನೆ ಇಂಥದ್ದೇ. ಎಂಟರ ಬದಲು ನಾಲ್ಕು ದೊಡ್ಡವು ಸಾಲದೇ ಎಂಬ ಅಡ್ಡದಾರಿ ಎಲ್ಲರಿಗೂ ಹೊಳೆಯುತ್ತದೆ. ಆ ದಾರಿ ಹಿಡಿದರೆ ರೆಕ್ಕೆ, ಬಾಲಗಳನ್ನೂ ತಿದ್ದಬೇಕು. ರಿಪೇರಿಗೆ ಹೊರಟವರು ಹೊಸ ವಿಮಾನ ಕಟ್ಟುತ್ತಾ ಕೂರುತ್ತೀರಿ.

ಹೊಸದೇ ಬೇಕೆಂದರೆ ವಿನ್ಯಾಸವನ್ನು ಎಂಜಿನಿಯರುಗಳಿಗೆ ಬಿಡಿ. ನನ್ನದೊಂದೇ ಹಟ: ಬಿ-1ಬಿಯಂತೆ ಹಾರುತ್ತಲೇ ಹಿಂದೆ ಮುಂದೆ ಸರಿಯುವ ರೆಕ್ಕೆ ಬೇಡ. ಸರಿಯುವುದೆಲ್ಲ ಸವೆಯುತ್ತದೆ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ: ಎಷ್ಟು ಕೊಳ್ಳಬೇಕು? ವಿನ್ಯಾಸ, ಪರೀಕ್ಷೆ, ಅಚ್ಚುಗಳ ಖರ್ಚು ಒಂದು ವಿಮಾನ ಮಾಡಿದರೂ ಅಷ್ಟೇ, ನೂರು ಮಾಡಿದರೂ ಅಷ್ಟೇ. ಸಂಖ್ಯೆ ಇಳಿಸಿದರೆ ಆ ಭಾರ ಉಳಿದವುಗಳ ತಲೆಗೆ ಬಂದು ಒಂದೊಂದರ ಬೆಲೆ ಏರುತ್ತದೆ. ಬೆಲೆ ಕೇಳಿ ಸಂಸತ್ತು ಹೌಹಾರಿ ಮತ್ತಷ್ಟು ಕಡಿತ ಮಾಡುತ್ತದೆ. ಬೆಲೆ ಮತ್ತಷ್ಟು ಏರುತ್ತದೆ. ರೇಡಾರಿಗೆ ಕಾಣದಂತೆ ಕಟ್ಟಿದ ಬಿ-2 ಬಾಂಬರಿಗೆ ಆದದ್ದು ಇದೇ. ಬೇಕೆಂದದ್ದು 132. 1990ರಲ್ಲಿ 75 ಆಯಿತು, 1992ರಲ್ಲಿ 20. ಪರೀಕ್ಷೆಗೆ ಬಳಸಿದ ಒಂದನ್ನು ಆಮೇಲೆ ಸಜ್ಜುಗೊಳಿಸಿ 21 ಅನ್ನಿಸಿಕೊಂಡರು. ಅಭಿವೃದ್ಧಿ ವೆಚ್ಚ ಸೇರಿ ಒಂದಕ್ಕೆ ಸುಮಾರು 200 ಕೋಟಿ ಡಾಲರ್ ಬಿತ್ತು! ತೊಂದರೆ ಅಲ್ಲಿಗೇ ಮುಗಿಯಲಿಲ್ಲ. 2008ರಲ್ಲಿ ಗುವಾಮ್‌ನಲ್ಲಿ ಸಂವೇದಕಗಳಿಗೆ ತೇವ ಹೊಕ್ಕು ಒಂದು ಬಿ-2 ನೆಲಕ್ಕಪ್ಪಳಿಸಿತು. ನೂರಿದ್ದಲ್ಲಿ ಒಂದು ಹೋಗುವುದು ಬೇರೆ, ಇಪ್ಪತ್ತೊಂದಿದ್ದಲ್ಲಿ ಹೋಗುವುದು ಬೇರೆ. 2023ರ ನವೆಂಬರ್‌ನಲ್ಲಿ ಮೊದಲು ಹಾರಿದ ಹೊಸ ಬಾಂಬರ್ ಬಿ-21ಕ್ಕೆ ಕನಿಷ್ಠ 100 ಎಂದು ಗುರಿ ಇಟ್ಟಿದ್ದಾರೆ. ಆ ನೂರಕ್ಕೆ ಕತ್ತರಿ ಬೀಳದಂತೆ ಕಾಯುವುದು ವಿಮಾನ ಕಟ್ಟುವುದಕ್ಕಿಂತ ಕಷ್ಟ.

ರೇಡಾರಿಗೆ ಕಾಣದು ಎಂಬ ಜಾಹೀರಾತಿಗೆ ಮರುಳಾಗುವ ಮುನ್ನ ಹ್ಯಾಂಗರಿನ ಖರ್ಚು ಕೇಳಿ. ಬಿ-2ರ ಮೈಲೇಪಕ್ಕೆ ಹವೆ ನಿಯಂತ್ರಿತ ಕೊಠಡಿಯೇ ಬೇಕಾಯಿತು.

ಹಳೆಯದನ್ನು ಕೊನೆಗೆ ಕಳಿಸಿ, ಅದೂ ಕಂತಿನಲ್ಲಿ. 2021ರಲ್ಲಿ 17 ಬಿ-1ಬಿಗಳನ್ನು ನಿವೃತ್ತಿಗೊಳಿಸಿ, ಉಳಿದ 45ರ ಆರೈಕೆಗೆ ಗಮನ ಕೊಟ್ಟದ್ದು ಜಾಣತನ. ಗುಜರಿಗೆ ಮಾತ್ರ ಹಾಕಬೇಡಿ. ಶಸ್ತ್ರ ಕಡಿತದ ಒಪ್ಪಂದವಿದ್ದರೆ ಬೇರೆ ಮಾತು: ರಷ್ಯಾದೊಂದಿಗಿನ ಸ್ಟಾರ್ಟ್ ಒಪ್ಪಂದದಡಿ ನೂರಾರು ಬಿ-52ಗಳನ್ನು ಕತ್ತರಿಸಿ, ರಷ್ಯಾದ ಉಪಗ್ರಹಗಳಿಗೆ ಕಾಣಲೆಂದು ತುಂಡುಗಳನ್ನು ಬಯಲಲ್ಲೇ ಬಿಟ್ಟಿದ್ದರು. ಇಲ್ಲವಾದರೆ ಅರಿಜೋನಾದ ಡೇವಿಸ್-ಮಾಂಥನ್ ನೆಲೆಯಲ್ಲಿ ಮಾಡುವಂತೆ ಸಂದುಗಳನ್ನು ಮುಚ್ಚಿ ಒಣ ಮರುಭೂಮಿಯಲ್ಲಿ ನಿಲ್ಲಿಸಿ. ಬೆಂಕಿಗೆ ಹಾಳಾದ ಒಂದು ಬಿ-52ರ ಬದಲಿಗೆ 2015ರಲ್ಲಿ ಇನ್ನೊಂದು ಬಿ-52 ಎದ್ದು ಹಾರಿಹೋದದ್ದು ಅಲ್ಲಿಂದಲೇ.